ಪರ್ಸನ್ನು ಮೊದಲು ಹಿಂಬದಿ ಜೇಬಿನಿಂದ ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಿರುವ, ಕೊಡಗಿನ ನಮ್ಮ ಬೆಳೆಗಾರರ ಗುಂಪಿನ ಕಿರಿಯ ಸದಸ್ಯರ ಪ್ರಶ್ನೆಗೆ ಇದು ಉತ್ತರ. ಬೈಕಿನಲ್ಲಿ ಸೋಮವಾರಪೇಟೆಗೆ ಹೋಗಿ ಬರುವಷ್ಟರಲ್ಲಿ ಪ್ಯಾಂಟಿನ ಹಿಂಬದಿ ಜೇಬಿನಲ್ಲಿದ್ದ ಪರ್ಸ್ ಎಲ್ಲೋ ಬಿದ್ದುಹೋಯಿತು ಎಂದು ಅವರು ಬರೆದಿದ್ದರು. ತೋಟದಲ್ಲಿ ಓಡಾಡುವಾಗ ಪರ್ಸ್, ಮೊಬೈಲ್, ಬೀಗದ ಕೈ, ಚಾಕು ಇವನ್ನೆಲ್ಲ ನೀವು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದೂ ಕೇಳಿದ್ದರು. ಒಬ್ಬರು ಅಂಗಿಯ ಜೇಬು ಎಂದರು. ಇನ್ನೊಬ್ಬರು ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಹೋಗಿ ಎಂದರು. ಹಿರಿಯರೊಬ್ಬರು ಮೂವತ್ತು ವರ್ಷಗಳಿಂದ ಹಿಂಬದಿ ಜೇಬಿನಲ್ಲೇ ಇದೆ, ಏನೂ ಆಗಿಲ್ಲ ಎಂದರು. ಈ ಮೂರನ್ನೂ ನಾನು ವರ್ಷಗಟ್ಟಲೆ ಮಾಡಿ ನೋಡಿದ್ದೇನೆ. ಹಿರಿಯರ ಮೇಲಿನ ಗೌರವ ಹಾಗೆಯೇ ಇರಲಿ, ಹಿಂಬದಿ ಜೇಬು ತೋಟದವನಿಗೆ ಆಗಿಬರುವುದಿಲ್ಲ.

ಮೊದಲು ಕಳೆದುಹೋದ ಪರ್ಸಿನ ವಿಷಯ. ಎಟಿಎಂ ಕಾರ್ಡುಗಳನ್ನು ಇನ್ನೂ ನಿಲ್ಲಿಸಿಲ್ಲದಿದ್ದರೆ ಇದನ್ನು ಓದುವುದನ್ನು ಬಿಟ್ಟು ಈಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಸಹಾಯವಾಣಿಯಲ್ಲಿ ನಿಲ್ಲಿಸಿ. ಯಾರೋ ತಂದುಕೊಟ್ಟಾರು ಎಂದು ಎರಡು ದಿನ ಕಾಯಬೇಡಿ. ಆಮೇಲೆ ಪೊಲೀಸರಲ್ಲಿ ಕಳೆದುಹೋದ ವಸ್ತುವಿನ ದೂರು ದಾಖಲಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಚಾಲನಾ ಪರವಾನಗಿಯ ಬಗ್ಗೆ ಗಾಬರಿ ಬೇಡ. ಸರ್ಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಪರವಾನಗಿ ಮತ್ತು ಆರ್‌ಸಿ 2018ರಿಂದ ಮೂಲ ದಾಖಲೆಯಷ್ಟೇ ಮಾನ್ಯ. ಬದಲಿ ಕಾರ್ಡ್ ಬರುವವರೆಗೆ ಅದನ್ನೇ ತೋರಿಸಬಹುದು.

ಈಗ ಹಿಂಬದಿ ಜೇಬು. ನಾಲ್ಕು ವರ್ಷಗಳ ಹಿಂದೆ ಕರಿಮೆಣಸಿನ ಕೊಯ್ಲಿನಲ್ಲಿ ನನ್ನ ಪರ್ಸ್ ಹೋಯಿತು. ಅಂದು ಆಳು ಕಡಿಮೆಯಿದ್ದುದರಿಂದ ನಾನೂ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಹತ್ತಿದ್ದೆ. ಏಣಿ ಹತ್ತುವಾಗ ಮೊಣಕಾಲು ಎದೆಯವರೆಗೆ ಬರುತ್ತದೆ, ಪ್ಯಾಂಟಿನ ಹಿಂಭಾಗ ಬಿಗಿಯುತ್ತದೆ, ಹಿಂಬದಿ ಜೇಬಿನ ಬಾಯಿ ತೆರೆದುಕೊಳ್ಳುತ್ತದೆ. ಒಂದೊಂದು ಮೆಟ್ಟಿಲಿಗೂ ಪರ್ಸ್ ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ. ಬೈಕಿನಲ್ಲಿ ಗುಂಡಿ ಹಾರಿಸುವಾಗಲೂ ಇದೇ ಆಗುವುದು. ಕೊನೆಗೆ ಅದು ಬೀಳುವುದು ತರಗೆಲೆಯ ಮೇಲೆ, ಸದ್ದೇ ಆಗುವುದಿಲ್ಲ. ಸಂಜೆ ಮೆಣಸು ತೂಗುವಾಗ ಜೇಬು ಮುಟ್ಟಿ ನೋಡಿದೆ, ಖಾಲಿ. ಟಾರ್ಚ್ ಹಿಡಿದು ಹುಡುಕಿದೆವು, ಮರುದಿನವೂ ಹುಡುಕಿದೆವು, ಸಿಗಲಿಲ್ಲ.

ಸಿಕ್ಕಿದ್ದು ಜೂನ್ ತಿಂಗಳಲ್ಲಿ, ಕಳೆ ಕಡಿಯುವಾಗ. ಕತ್ತಿಯ ತುದಿಗೆ ಏನೋ ತಾಗಿತೆಂದು ಕೆಲಸದಾಕೆ ಕೂಗಿದಳು. ಚರ್ಮದ ಮೇಲೆ ಗೆದ್ದಲಿನ ಮಣ್ಣು ಗಾರೆಯ ಹಾಗೆ ಮೆತ್ತಿಕೊಂಡಿತ್ತು. ಬಿಡಿಸಿದರೆ ಪ್ಲಾಸ್ಟಿಕ್ ಕಾರ್ಡುಗಳೆಲ್ಲ ಹೊಸದರಂತಿದ್ದವು, ತಾಯಿಯ ಹಳೆಯ ಫೋಟೊ ಮಾತ್ರ ಪುಡಿಯಾಗಿತ್ತು. ಆ ಫೋಟೊದ ಇನ್ನೊಂದು ಪ್ರತಿ ನಮ್ಮಲ್ಲಿರಲಿಲ್ಲ. ಐನೂರರ ಐದು ನೋಟುಗಳ ಅಂಚುಗಳನ್ನು ಗೆದ್ದಲು ಗರಗಸ ಹಾಕಿದಂತೆ ತಿಂದಿತ್ತು. ಅವನ್ನು ಬ್ಯಾಂಕಿಗೆ ಒಯ್ದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ: 50 ರೂಪಾಯಿ ಮತ್ತು ಅದಕ್ಕಿಂತ ಮೇಲಿನ ಹರಿದ ನೋಟಿನ ಶೇಕಡಾ 80ಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಹಣ ಕೊಡುತ್ತಾರೆ. 40ರಿಂದ 80ರೊಳಗೆ ಉಳಿದಿದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. 20 ರೂಪಾಯಿ ಮತ್ತು ಕೆಳಗಿನ ನೋಟುಗಳಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ ಮೌಲ್ಯ. ನನಗೆ ಮೂರು ನೋಟಿಗೆ ಪೂರ್ತಿ, ಒಂದಕ್ಕೆ ಅರ್ಧ ಸಿಕ್ಕಿತು. ಹಾಳಾದ ನೋಟು ಸಿಕ್ಕರೆ ಒಲೆಗೆ ಹಾಕಬೇಡಿ. ಮನೆಯಲ್ಲಿ ಅಂಟಿಸಲು ಹೋಗದೆ ಹಾಗೆಯೇ ಒಂದು ಲಕೋಟೆಯಲ್ಲಿಟ್ಟು ಬ್ಯಾಂಕಿಗೆ ಒಯ್ಯಿರಿ.

ಹಿಂಬದಿ ಜೇಬಿನ ಎರಡನೆಯ ತೊಂದರೆ ಸೊಂಟದ್ದು. ಪರ್ಸಿನ ಮೇಲೆ ಕುಳಿತರೆ ಒಂದು ಪಕ್ಕ ಎತ್ತರವಾಗುತ್ತದೆ, ನಡು ಓರೆಯಾಗುತ್ತದೆ, ಪೃಷ್ಠದ ಆಳದಲ್ಲಿ ಸಾಗಿ ಕಾಲಿಗಿಳಿಯುವ ದೊಡ್ಡ ನರದ ಮೇಲೆ ಒತ್ತಡ ಬೀಳುತ್ತದೆ. ಸಯಾಟಿಕಾ ಎಂದು ನಾವೆಲ್ಲ ಹೇಳುವುದು ಆ ನರದ ನೋವನ್ನೇ. ದಪ್ಪ ಪರ್ಸಿನಿಂದ ಹೀಗಾಗುವುದರ ಬಗ್ಗೆ 1978ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜೀಪಿನ ಗಟ್ಟಿ ಸೀಟಿನಲ್ಲಿ ಹೋಗಿ ಬಂದ ದಿನವೆಲ್ಲ ನನ್ನ ಬಲಗಾಲು ಮೊಣಕಾಲಿನ ಹಿಂದಿನವರೆಗೆ ಜೋಮು ಹಿಡಿಯುತ್ತಿತ್ತು. ವೈದ್ಯರು ನನ್ನನ್ನು ಪರೀಕ್ಷಿಸುವ ಮೊದಲೇ ಜೇಬಿನಲ್ಲಿರುವುದನ್ನು ಮೇಜಿನ ಮೇಲಿಡಲು ಹೇಳಿದರು. ಪರ್ಸ್ ಮುಂದಕ್ಕೆ ಬಂದ ಮೇಲೆ ಕೆಲವು ವಾರಗಳಲ್ಲಿ ಜೋಮು ಕಡಿಮೆಯಾಯಿತು. ಎಲ್ಲ ಸೊಂಟನೋವಿಗೂ ಪರ್ಸೇ ಕಾರಣವಲ್ಲ. ಕಾಲು ಸೋಲುತ್ತಿದ್ದರೆ, ನೋವು ಹೆಚ್ಚುತ್ತಿದ್ದರೆ ವೈದ್ಯರ ಬಳಿಗೇ ಹೋಗಿ.

ಪರ್ಸ್ ದಪ್ಪವಾಗುವುದು ಹಣದಿಂದಲ್ಲ, ಕಾರ್ಡು ಮತ್ತು ಚೀಟಿಗಳಿಂದ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. ಹತ್ತು ಕಾರ್ಡು ಸೇರಿದರೆ ಏಳೂವರೆ ಮಿಲಿಮೀಟರ್ ಆಯಿತು, ಚರ್ಮದ ಪದರಗಳು ಬೇರೆ. ನಾನು ಈಗ ಇಟ್ಟುಕೊಳ್ಳುವುದು ಒಂದು ಎಟಿಎಂ ಕಾರ್ಡು, ಒಂದು ಪರವಾನಗಿ, ಮೂರು ನಾಲ್ಕು ನೋಟು. ಐನೂರರ ನೋಟು 150 ಮಿಲಿಮೀಟರ್ ಉದ್ದ, 66 ಅಗಲ. ಅದನ್ನು ಮೂರು ಮಡಿಕೆ ಮಾಡಿದರೆ ಕಾರ್ಡಿನ ಅಳತೆಯೊಳಗೆ ಸರಿಯಾಗಿ ಕೂರುತ್ತದೆ. ಹಾಗಾಗಿ ಕಾರ್ಡಿನ ಅಳತೆಯ ಸಣ್ಣ ಕವಚವೊಂದೇ ಸಾಕು, ದೊಡ್ಡ ಪರ್ಸ್ ಬೇಕಿಲ್ಲ. ಕಾಫಿ ವ್ಯಾಪಾರಿ ಕೊಟ್ಟ ತೂಕದ ಚೀಟಿ, ಗೊಬ್ಬರದ ಬಿಲ್ಲು ಇವನ್ನು ಅಂದೇ ಫೋಟೊ ತೆಗೆದು ಕಡತಕ್ಕೆ ಹಾಕಿ. ಶಾಖದಿಂದ ಮುದ್ರಿಸುವ ಆ ನುಣುಪು ಕಾಗದ ಬೆವರಿಗೆ ಬಿಳಿಚಿಕೊಂಡು ಒಂದು ಅಕ್ಷರವೂ ಉಳಿಯುವುದಿಲ್ಲ.

ಅಂಗಿಯ ಜೇಬು ಎಂದವರಿಗೆ ಒಂದು ಮಾತು. ನಮ್ಮ ಕೆಲಸವೆಲ್ಲ ಬಗ್ಗುವ ಕೆಲಸ. ಕಾಫಿ ಗಿಡದ ಕಾಂಡದಲ್ಲಿ ಏಳುವ ಬೇಡದ ಕಂಬಚಿಗುರು ತೆಗೆಯಲು ಬಗ್ಗಬೇಕು, ಸ್ಪ್ರಿಂಕ್ಲರ್ ಪೈಪು ಜೋಡಿಸಲು ಬಗ್ಗಬೇಕು, ಮಳೆಗಾಲದಲ್ಲಿ ಹತ್ತು ಹೆಜ್ಜೆಗೊಮ್ಮೆ ಜಿಗಣೆ ಕೀಳಲು ಬಗ್ಗಬೇಕು. ಮೋಟಾರಿನ ಫುಟ್‌ವಾಲ್ವ್ ನೋಡಲೆಂದು ಕೆರೆಯ ದಂಡೆಯಲ್ಲಿ ಬಗ್ಗಿದಾಗ ಅಂಗಿಯ ಜೇಬಿನಿಂದ ಮೊಬೈಲ್ ನೀರಿಗೆ ಜಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಗಿಯ ಜೇಬು ಹಾಜರಿಯ ಸಣ್ಣ ಪುಸ್ತಕಕ್ಕೆ ಮತ್ತು ಪೆನ್ನಿಗೆ ಸರಿ. ಎಲ್ಲವನ್ನೂ ಮನೆಯಲ್ಲಿ ಬಿಟ್ಟು ಹೋಗಿ ಎಂಬುದು ಪರ್ಸಿನ ಮಟ್ಟಿಗೆ ಒಳ್ಳೆಯ ಮಾತು, ಆದರೆ ಮೊಬೈಲ್ ಬಿಟ್ಟು ಒಬ್ಬರೇ ತೋಟದೊಳಗೆ ಹೋಗಬೇಡಿ. ಹಾವು, ಆನೆ, ಮರದ ಕೊಂಬೆ, ಯಾವುದು ಯಾವಾಗ ಎಂದು ಹೇಳಲಾಗದು.

ಹಾಗಾದರೆ ಎಲ್ಲಿ? ಕೆಲಸದ ಪ್ಯಾಂಟಿಗೆ ಮುಂದಿನ ಬಲ ಜೇಬಿನ ಒಳಗಡೆ ಇನ್ನೊಂದು ಜೇಬು ಹೊಲಿಸಿ. ನನ್ನ ಇಡೀ ಉತ್ತರದಲ್ಲಿ ಇದೊಂದನ್ನು ನೀವು ಮಾಡಿದರೆ ಸಾಕು. ನಮ್ಮ ಹಿರಿಯರ ಪಟ್ಟಾಪಟ್ಟಿ ಚಡ್ಡಿಗೆ ಒಂದು ಜೇಬು ಇರುತ್ತಿತ್ತಲ್ಲ, ಅದರದೇ ಉಪಾಯ ಇದು. ಪಂಚೆಯನ್ನು ಎತ್ತಿ ಕಟ್ಟಿದರೂ ಇಳಿಬಿಟ್ಟರೂ ಸಂತೆಯ ದುಡ್ಡು ಅಲ್ಲಿ ಭದ್ರವಾಗಿರುತ್ತಿತ್ತು. ಅಳತೆ: ನಾಲ್ಕೂವರೆ ಇಂಚು ಅಗಲ, ಆರು ಇಂಚು ಆಳ, ಮೇಲೆ ಒಂದೂವರೆ ಇಂಚಿನ ಮುಚ್ಚಳ, ಅದಕ್ಕೆ ಒಂದು ಗುಂಡಿ. ಬಟ್ಟೆ ಗಟ್ಟಿ ಹತ್ತಿಯದಿರಲಿ. ಜೇಬಿನ ಅಸ್ತರಿನ ತೆಳು ಬಟ್ಟೆ ಒಂದೇ ಮಳೆಗಾಲದಲ್ಲಿ ತೂತಾಗುತ್ತದೆ. ಜಿಪ್ ಬೇಡ, ಕೆಸರು ತುಂಬಿ ಜುಲೈ ಹೊತ್ತಿಗೆ ಅಂಟಿಕೊಳ್ಳುತ್ತದೆ. ಗುಂಡಿಯನ್ನು ಒದ್ದೆ ಕೈಯಿಂದಲೂ ಬಿಚ್ಚಬಹುದು. ಜೇಬಿನ ಬಾಯಿ ಸೊಂಟಪಟ್ಟಿಯಿಂದ ಎರಡು ಇಂಚು ಕೆಳಗಿರಲಿ. ಅದಕ್ಕಿಂತ ಕೆಳಗಿಟ್ಟರೆ ಏಣಿ ಹತ್ತುವಾಗ ತೊಡೆಗೆ ಒತ್ತುತ್ತದೆ.

ಮಹಿಳಾ ಸದಸ್ಯರೊಬ್ಬರು ಚೂಡಿದಾರಕ್ಕೆ ಜೇಬೇ ಇರುವುದಿಲ್ಲ, ನಾವೇನು ಮಾಡಬೇಕು ಎಂದು ಕೇಳಿದ್ದರು. ಯಾರೂ ಉತ್ತರಿಸದೇ ಇದ್ದುದು ನನಗೆ ಸರಿಕಾಣಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ ಇದೇ ಅಳತೆಯ ಜೇಬು ಕೂರಿಸಲು ಯಾವ ದರ್ಜಿಗೂ ಅರ್ಧ ಗಂಟೆ ಸಾಕು, ಹೊಲಿಸುವಾಗಲೇ ಹೇಳಿದರೆ ಅಷ್ಟೂ ಬೇಡ. ಕಾಫಿ ಕುಯ್ಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದು ಗಿಡದ ರೆಂಬೆ ತರಚದಿರಲಿ ಎಂದು. ಆ ಅಂಗಿಯ ಜೇಬಿನಲ್ಲಿ ಎಲೆ ಅಡಿಕೆಯ ಪೊಟ್ಟಣವಿರುತ್ತದೆ, ದುಡ್ಡು ಮಾತ್ರ ಸೊಂಟದಲ್ಲಿ ಸಿಕ್ಕಿಸಿದ ಪುಟ್ಟ ಚೀಲದಲ್ಲಿ. ಬಗ್ಗಿದರೂ ಬೀಳದ ಜಾಗ ಯಾವುದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಮಳೆಗಾಲದಲ್ಲಿ ಚರ್ಮದ ಪರ್ಸಿಗೆ ರಜೆ ಕೊಡಿ. ನಮ್ಮಲ್ಲಿ ಜೂನ್ ಕಳೆಯುವುದರೊಳಗೆ ಬೆಲ್ಟು, ಚಪ್ಪಲಿ, ಪರ್ಸು ಎಲ್ಲಕ್ಕೂ ಬಿಳಿ ಬೂಷ್ಟು ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಆ ನಾಲ್ಕು ತಿಂಗಳು ಒತ್ತಿ ಮುಚ್ಚುವ ದಪ್ಪ ಪ್ಲಾಸ್ಟಿಕ್ ಚೀಲವೇ ನನ್ನ ಪರ್ಸು. ಇನ್ನೊಂದು ಮಾತು, ಮಳೆಗಾಲದಲ್ಲಿ ನೂರು ಇನ್ನೂರರ ನೋಟುಗಳನ್ನು ಮನೆಯಲ್ಲೂ ಜೇಬಿನಲ್ಲೂ ಇಟ್ಟಿರಿ. ಕರೆಂಟು ಹೋದ ಮೂರನೆಯ ದಿನಕ್ಕೆ ಟವರ್ ಕೂಡ ಸುಮ್ಮನಾಗುತ್ತದೆ, ಆಗ ಮೊಬೈಲಿನಿಂದ ಹಣ ಕಳಿಸಲು ಆಗುವುದಿಲ್ಲ. 2018ರ ಆಗಸ್ಟಿನ ಭೂಕುಸಿತದ ದಿನಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೀಗದ ಕೈಗಳನ್ನು ಎರಡು ಗೊಂಚಲು ಮಾಡಿ. ಮನೆ ಮತ್ತು ಗೋದಾಮಿನದು ಮನೆಯಲ್ಲೇ ಇರಲಿ, ಜೀಪು ಮತ್ತು ಗೇಟಿನದು ಮಾತ್ರ ನಿಮ್ಮೊಡನೆ. ಬೆಲ್ಟಿನ ಕುಣಿಕೆಗೆ ಕೊಕ್ಕೆ ಹಾಕಿ, ಗೊಂಚಲನ್ನು ಎಡಜೇಬಿನೊಳಗೆ ಇಳಿಬಿಡಿ. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಗೊಂಚಲಿಗೆ ಸುತ್ತಿದರೆ ಕಿಣಿಕಿಣಿ ನಿಲ್ಲುತ್ತದೆ. ಇದು ಅಂದಕ್ಕಲ್ಲ. ಬೆಳಗಿನ ಮಂಜಿನಲ್ಲಿ ಆನೆ ಇರುವುದು ತಿಳಿಯುವುದು ಕೊಂಬೆ ಮುರಿಯುವ ಸದ್ದಿನಿಂದ, ಕಿವಿಯ ಬೀಸಿನಿಂದ. ನಡೆಯುವಾಗ ಸೊಂಟದಲ್ಲೇ ಗೆಜ್ಜೆ ಕಟ್ಟಿಕೊಂಡಂತಿದ್ದರೆ ಆ ಸದ್ದು ಕೇಳುವುದಿಲ್ಲ. ಮೊಬೈಲ್ ಎಡಗಡೆ ಬೇಡ, ಬಲಗೈ ನೋಡದೆಯೇ ತಲುಪುವ ಆ ಒಳಜೇಬಿನಲ್ಲೇ ಇರಲಿ, ಗುಂಡಿ ಹಾಕಿರಲಿ. ಕಳೆದ ವರ್ಷ ನಮ್ಮ ಲೈನ್‌ಮನೆಯ (ತೋಟದ ಕೆಲಸಗಾರರ ವಸತಿಯ) ಹುಡುಗ ಒಂಟಿ ಸಲಗ ಕಂಡು ಓಡಿದ. ಜೀವ ಉಳಿಯಿತು, ಆದರೆ ತೆರೆದ ಜೇಬಿನ ಮೊಬೈಲ್ ಅಲ್ಲೇ ಬಿತ್ತು. ಅರ್ಧ ಗಂಟೆ ಅವನು ಎಲ್ಲಿದ್ದಾನೆಂದು ನಮಗೆ ತಿಳಿಯದೆ ನಾವು ಪಟ್ಟ ಸಂಕಟ ಅಷ್ಟಿಷ್ಟಲ್ಲ.

ಚಾಕು ಮತ್ತು ಸವರುವ ಕತ್ತರಿ ಜೇಬಿನಲ್ಲಿ ಬೇಡವೇ ಬೇಡ. ಬೆಲ್ಟಿಗೆ ಒರೆ ಹಾಕಿ, ಬೆನ್ನಿನ ಕಡೆಗಲ್ಲ, ಪಕ್ಕಕ್ಕೆ. ಜಾರಿ ಹಿಂದಕ್ಕೆ ಬಿದ್ದರೆ ಬೆನ್ನುಮೂಳೆಗೆ ತಾಗುತ್ತದೆ.

ಕೆಲಸಗಾರರ ಕೂಲಿ ಬಟವಾಡೆಯ ಹಣವನ್ನು ಯಾವ ಜೇಬಿನಲ್ಲೂ ತರಬೇಡಿ. ಮಾಮೂಲಿ ತರಕಾರಿ ಚೀಲದ ತಳದಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲದೆ ಬನ್ನಿ. ಮಡಿಕೇರಿ ದಸರೆಯ ದಶಮಂಟಪದ ರಾತ್ರಿ, ತಲಕಾವೇರಿಯ ತೀರ್ಥೋದ್ಭವ, ಇಂಥ ನೂಕುನುಗ್ಗಲಿಗೆ ಕಾರ್ಡುಗಳನ್ನೇ ಒಯ್ಯಬೇಡಿ. ಬೇಕಾದಷ್ಟು ನೋಟನ್ನು ಒಳಜೇಬಿಗೆ ಹಾಕಿ, ಚಿಲ್ಲರೆಯನ್ನು ಮಾತ್ರ ಹೊರಗಿನ ಜೇಬಿನಲ್ಲಿಡಿ. ಜನರ ನಡುವೆ ನಿಂತು ದೊಡ್ಡ ನೋಟು ಹೊರತೆಗೆಯುವ ಪ್ರಮೇಯವೇ ಬರುವುದಿಲ್ಲ. ಕುಪ್ಯ ಎಂಬ ಕೊಡವರ ಉದ್ದನೆಯ ಮೇಲಂಗಿ ತೊಟ್ಟು ಮದುವೆಗೆ ಹೋಗುವ ಗೆಳೆಯರು ಅದರ ಮೇಲೆ ಸೊಂಟಕ್ಕೆ ಸುತ್ತುವ ಚೇಲೆ ಬಿಗಿಯುವ ಮುನ್ನವೇ ಮುಯ್ಯಿಯ ಲಕೋಟೆಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ಚೇಲೆ ಸುತ್ತಿ ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿದ ಮೇಲೆ ಒಳಗಿನ ಪ್ಯಾಂಟಿನ ಜೇಬಿಗೆ ಕೈ ಹಾಕುವುದು ಕಷ್ಟ.

ಇನ್ನೊಂದು ವಸ್ತು ಉಳಿಯಿತು, ಅದನ್ನು ಈ ಗುಂಪಿನಲ್ಲಿ ಯಾರೂ ಹೇಳಲಿಲ್ಲ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ, ಮನೆಯವರ ಎರಡು ದೂರವಾಣಿ ಸಂಖ್ಯೆ ಬರೆದು ಲ್ಯಾಮಿನೇಟ್ ಮಾಡಿಸಿ. ಅದು ಪರ್ಸಿನಲ್ಲಿ ಬೇಡ, ಅಂಗಿಯ ಜೇಬಿನಲ್ಲೇ ಇರಲಿ. ಬಿದ್ದವನನ್ನು ಎತ್ತುವವರು ಮೊದಲು ನೋಡುವುದು ಅದನ್ನೇ, ಮೊಬೈಲಿಗಾದರೆ ಬೀಗವಿರುತ್ತದೆ. 112ಕ್ಕೆ ಕರೆ ಮಾಡುವುದು ಎಲ್ಲರಿಗೂ ಗೊತ್ತು, ಆದರೆ ಬಿದ್ದವರ ಮನೆಗೆ ಯಾರು ಹೇಳಬೇಕು? ನಮ್ಮ ತೋಟದಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ಚೀಟಿ ಮಾಡಿಸಿಕೊಟ್ಟಿದ್ದೇನೆ. ಅಸ್ಸಾಮಿನಿಂದ ಬಂದವರ ಚೀಟಿಯಲ್ಲಿ ಊರಿನವರ ಸಂಖ್ಯೆಯ ಜೊತೆ ನನ್ನ ಸಂಖ್ಯೆಯೂ ಇದೆ.

ಒಳಜೇಬಿನ ಕಾಗದದ ಮಾದರಿಯನ್ನು ನಮ್ಮ ದರ್ಜಿ ಕತ್ತರಿಸಿ ಕೊಟ್ಟಿದ್ದಾರೆ. ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೊ ತೆಗೆದು ಭಾನುವಾರ ಇಲ್ಲೇ ಹಾಕುತ್ತೇನೆ. ದೊಡ್ಡ ಮೊಬೈಲ್ ಇರುವವರು ಆಳವನ್ನು ಒಂದು ಇಂಚು ಹೆಚ್ಚಿಸಿಕೊಳ್ಳಿ.