ರಾತ್ರಿ ಹನ್ನೊಂದರ ಪಾಲು ಮಾತುಕತೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ವಯಸ್ಸು ನಲವತ್ತರ ಆಚೆ. "ಅಣ್ಣನ ಮುಖ ಕಂಡರೆ ಸಾಕು, ಕೈ ನಡುಗುತ್ತದೆ. ಇದೇನು ಸಿಟ್ಟಿನ ಕಾಯಿಲೆಯೋ ನೋಡಿ" ಎನ್ನುತ್ತ ನನ್ನ ಬಳಿ ಸಲಹೆಗೆ ಬಂದರು. ಮನೆಯಲ್ಲಿ ಪಾಲಿನ ಮಾತುಕತೆ ನಡೆದಿತ್ತು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಂದೆ, ತಾನಿರುವಾಗಲೇ ಎಲ್ಲ ಮುಗಿಯಲಿ ಎಂದಿದ್ದರು. ಅಣ್ಣ ಬೆಂಗಳೂರಿನಲ್ಲಿ ಉದ್ಯೋಗಿ. ಅಕ್ಕನ ಗಂಡ ಬಾವ ಮಧ್ಯಸ್ಥರು.

ತೋಟ ಹಂಚುವುದರಲ್ಲಿ ದೊಡ್ಡ ತಕರಾರಿರಲಿಲ್ಲ. ಗಂಟು ಬಿದ್ದದ್ದು ಸುರಂಗದ ನೀರಿಗೆ. ಅಜ್ಜನ ಕಾಲದಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ, ಬೇಸಗೆಯಲ್ಲೂ ಬತ್ತುವುದಿಲ್ಲ. ಸುರಂಗವಿರುವ ಭಾಗ ತಮ್ಮನಿಗೆ, ವಾರಕ್ಕೆರಡು ದಿನ ನೀರು ಅಣ್ಣನಿಗೆ ಎಂದು ಬಾವ ಸೂಚಿಸಿದಾಗ ಇವರು ಮಾತು ಮುಗಿಯುವ ಮೊದಲೇ ಆಗದು ಎಂದರು. ಮುಂದಿನ ಸಲ ರಾತ್ರಿ ಒಂದು ಗಂಟೆಗೆ, "ಆಯಿತು, ನೀರೆಲ್ಲ ನಿನಗೇ ಇರಲಿ, ನನ್ನನ್ನು ಮಲಗಲು ಬಿಡು" ಎಂದು ಎದ್ದುಹೋದರು. ಬೆಳಗ್ಗೆ ಕೇಳಿದರೆ, ಹಾಗೆ ಹೇಳಿಯೇ ಇಲ್ಲ. ಬಾವ ಕೈಚೆಲ್ಲಿದರು.

ಜಗಳದ ಕತೆಗಿಂತ ನನ್ನ ಗಮನ ಹೋದದ್ದು ಒಂದು ಕನ್ನಡಕದ ಕಡೆಗೆ. ಮೂರನೆಯ ಸಲ ಅಣ್ಣ ತೋಟದ ನಕ್ಷೆ ನೋಡುತ್ತಿದ್ದವರು ಕನ್ನಡಕ ತೆಗೆದು, ಮಡಚಿ, ನಕ್ಷೆಯ ಮೇಲಿಟ್ಟರಂತೆ. "ನಿನ್ನ ಮಾತು ಸಾಕು ಎಂದೇ ಅದರ ಅರ್ಥ" ಎಂದರು ಇವರು. ಅಣ್ಣನಿಗೆ ಫೋನು ಮಾಡಲು ಅನುಮತಿ ಪಡೆದು ವಿಚಾರಿಸಿದೆ. ಅವರಿಗೆ ಕನ್ನಡಕದ ನೆನಪೇ ಇರಲಿಲ್ಲ. ಹಿಂದಿನ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು ಕಣ್ಣು ಉರಿಯುತ್ತಿತ್ತು ಎಂದರು.

ಒಂದು ವಾರ ನಿದ್ದೆಯ ಲೆಕ್ಕ ಬರೆದಿಡಲು ತಮ್ಮನಿಗೆ ಹೇಳಿದೆ. ಬೆನ್ನುಹುಣ್ಣಾಗದಂತೆ ತಂದೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವವರು ಇವರೇ. ಎಲ್ಲ ತುಣುಕು ಕೂಡಿಸಿದರೂ ನಿದ್ದೆ ಐದು ಗಂಟೆ ದಾಟುತ್ತಿರಲಿಲ್ಲ. "ಅಭ್ಯಾಸವಾಗಿದೆ" ಎಂದರು. ಅಭ್ಯಾಸವಾಗುವುದು ದಣಿವಿನ ಅರಿವಿಗೆ ಮಾತ್ರ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರನ್ನು 2003ರ ಒಂದು ಅಧ್ಯಯನ ಪರೀಕ್ಷಿಸಿತ್ತು. ಅವರ ಏಕಾಗ್ರತೆ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟೇ ಕುಸಿದಿತ್ತು; ತಮಗೆ ಅಷ್ಟೇನೂ ದಣಿವಿಲ್ಲ ಎಂದೇ ಅವರು ತಿಳಿದಿದ್ದರು. ಬೆಳಗ್ಗೆ ಐದಕ್ಕೆ ಎದ್ದವನಿಗೆ ರಾತ್ರಿ ಹತ್ತಕ್ಕೆ ಹದಿನೇಳು ಗಂಟೆ ಎಚ್ಚರವಾಗಿರುತ್ತದೆ. ಆ ಹೊತ್ತಿನ ಮಂದತೆ ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವನ ಮಂದತೆಗೆ ಸಮ ಎಂದು 1997ರಲ್ಲಿ ಅಳೆದಿದ್ದಾರೆ. ನಮ್ಮ ಕಾನೂನು 0.03 ದಾಟಿದರೆ ವಾಹನ ಓಡಿಸಲು ಬಿಡುವುದಿಲ್ಲ. ತಲೆಮಾರಿನ ಆಸ್ತಿಯನ್ನು ಮಾತ್ರ ನಾವು ಊಟ ಮುಗಿಸಿ, ಹನ್ನೊಂದಕ್ಕೆ ಚಾವಡಿಯಲ್ಲಿ ಕುಳಿತು ಹಂಚುತ್ತೇವೆ!

ನಿದ್ದೆಗೆಟ್ಟವರಿಗೆ ಎದುರಿನವರ ಮುಖಭಾವ ಸರಿಯಾಗಿ ಓದಲು ಬರುವುದಿಲ್ಲ, ನಂಬಿಕೆ ಇಳಿಯುತ್ತದೆ, ಚೌಕಾಸಿಯಲ್ಲಿ ತುಸು ಕಡಿಮೆ ಎನಿಸಿದ್ದನ್ನು ತಮಗೇ ನಷ್ಟವಾದರೂ ತಳ್ಳಿಬಿಡುತ್ತಾರೆ. ಕೊನೆಗೆ ಹಾಸಿಗೆ ಸಿಕ್ಕರೆ ಸಾಕೆಂದು ಎಲ್ಲದಕ್ಕೂ ತಲೆಯಾಡಿಸುವುದೂ ಉಂಟು. ಇವರು ಎರಡನ್ನೂ ಮಾಡಿದ್ದರು. ಒಂಬತ್ತು ಗಂಟೆಯ ಕಾಫಿ ಕಣ್ಣು ತೆರೆದಿಡುತ್ತದೆ, ವಿವೇಚನೆಯನ್ನು ಮರಳಿ ಕೊಡುವುದಿಲ್ಲ. ಅದರ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದರೂ ಮೈಯಲ್ಲೇ ಉಳಿದು, ಸಿಗುವ ನಿದ್ದೆಯನ್ನೂ ಕೆಡಿಸುತ್ತದೆ.

ಜೊತೆಗೆ ಬಂದಿದ್ದ ಇವರ ಹೆಂಡತಿ ಕೇಳಿದರು: "ನಿದ್ದೆ ಮಾಡಿ ಎದ್ದರೆ ಅನ್ಯಾಯ ನ್ಯಾಯವಾಗುತ್ತದೆಯೇ?" ಆಗುವುದಿಲ್ಲ. ಈ ಪ್ರಶ್ನೆಯೇ ಪ್ರಕರಣದ ತಿರುಳನ್ನು ತೋರಿಸಿತು. ರಾತ್ರಿಗಳ ಆ ದುಡಿಮೆಗೆ ಪಾಲಿನಲ್ಲಿ ಬೆಲೆಯೇನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಹೇಳದ ಆ ಮಾತೇ ನೀರಿನ ಜಗಳವಾಗಿ ಹೊರಬರುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಮಾತುಕತೆಗೆ ಮೊದಲಿನ ಕೆಲವು ರಾತ್ರಿ ಹೋಂ ನರ್ಸ್ ಇಟ್ಟುಕೊಂಡು ತಮ್ಮ ಪೂರ್ತಿ ಮಲಗಬೇಕು. ಅಣ್ಣ ಶುಕ್ರವಾರ ರಾತ್ರಿಯ ಬಸ್ಸಿಗೆ ಬಂದು, ಶನಿವಾರ ಮಲಗಿ, ಭಾನುವಾರ ಬೆಳಗ್ಗೆ ಹತ್ತಕ್ಕೆ ಕೂರಬೇಕು. ಅಂದೇ ಬಸ್ಸು ಹಿಡಿಯುವ ಅವಸರ ಬೇಡ, ಸೋಮವಾರ ರಜೆ ಹಾಕಲಿ. ಅಂದು ಒಪ್ಪಿದ್ದಕ್ಕೆ ಅಂದೇ ಸಹಿ ಮಾಡಬಾರದು. ದಸ್ತಾವೇಜಿನ ಕರಡು ಮಲಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಇವರು ಅಕ್ಷರ ಕೂಡಿಸಿಕೊಂಡು ಓದಬೇಕು. ಅದನ್ನು ಹಗಲಿನಲ್ಲಿ, ತಿಳಿದವರೊಬ್ಬರು ಕನ್ನಡದಲ್ಲಿ ಸಾಲುಸಾಲು ವಿವರಿಸುವಾಗ ಕೇಳಬೇಕು. ಬಿಡುವಿದ್ದೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು.

ನಿದ್ದೆ ಮಾಡಿ ಕುಳಿತ ತಮ್ಮ ಮೆತ್ತಗಾಗಲಿಲ್ಲ, ಮೊದಲಿಗಿಂತ ಹೆಚ್ಚೇ ಕೇಳಿದರು. ವಾರಕ್ಕೆರಡು ದಿನ ನೀರು ಕೊಡಲು ಒಪ್ಪಿ, ಹೋಂ ನರ್ಸಿನ ಸಂಬಳದಲ್ಲಿ ಅರ್ಧ ಮತ್ತು ಈವರೆಗಿನ ಆರೈಕೆಗಾಗಿ ಹತ್ತು ಸೆಂಟ್ಸ್ ಜಾಗ ಹೆಚ್ಚಿಗೆ ಕೇಳಿದರು. ಅರ್ಧ ಸಂಬಳಕ್ಕೆ ಅಣ್ಣ ಅಲ್ಲೇ ಒಪ್ಪಿದರು. ಹತ್ತು ಸೆಂಟ್ಸಿನ ಮಾತಿಗೆ ಇನ್ನೊಂದು ಭಾನುವಾರ ಗೊತ್ತುಮಾಡಿಕೊಂಡಿದ್ದಾರೆ.