ಚಕ್ರಮುನಿ ಎಲೆ ಹಳದಿಯಾಗಿ ಉದುರ್ತಿರೋದಕ್ಕೆ
ಚಕ್ರಮುನಿ, ಅಂದ್ರೆ ಎಲೆನ ಸೊಪ್ಪಾಗಿ ತಿನ್ನೋ ಗಿಡ, ಶಿರಸಿ ಮಳೇಲಿ ಎಲೆ ಹಳದಿಯಾಗಿ ಉದುರಿಸ್ತಿದೆ, ಏನು ಮಾಡ್ಲಿ ಅಂತ ಕೇಳಿದೀರಿ. ಬುಡದಲ್ಲಿ ನೀರು ನಿಂತು ಹೀಗಾಗಿರ್ಬಹುದು. ಮೊದ್ಲು ಬುಡಕ್ಕೆ ಮಣ್ಣು ಏರಿಸಿ ನೀರು ಹರಿದು ಹೋಗೋ ಹಾಗೆ ಮಾಡಿ, ಆಮೇಲೆ ಕಾಂಡನ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಿದ್ರೆ ಬೇರು ಕೊಳೆತಿರ್ಬಹುದು, ಉಳಿಯೋದು ಕಷ್ಟ. ಅದಕ್ಕೇ ಮೇಲಿನ ಗಟ್ಟಿ ಕಡ್ಡಿ ಗೇಣುದ್ದ ಕತ್ತರಿಸಿ ನೀರು ನಿಲ್ಲದ ಕಡೆ ಈಗ್ಲೇ ಊರಿಬಿಡಿ, ಸುಲಭಕ್ಕೆ ಚಿಗುರತ್ತೆ. ಮಳೆ ಕಮ್ಮಿಯಾದ್ಮೇಲೆ ಹಳೇ ಗಿಡನ ಸೊಂಟದೆತ್ತರಕ್ಕೆ ಸವರಿ, ಪೊದೆ ಆಗತ್ತೆ.

ತೂಕ ಇಳಿಸೋಕೆ ದಿನಾ ಚಕ್ರಮುನಿ ಎಲೆಯ ಹಸಿ ರಸ ಕುಡೀಬಹುದಾ ಅಂತಾನೂ ಕೇಳಿದೀರಿ, ದಯವಿಟ್ಟು ಬೇಡ. 1990ರ ದಶಕದಲ್ಲಿ ತೈವಾನಲ್ಲಿ ಹಾಗೆ ಕುಡಿದ ಹಲವರ ಶ್ವಾಸಕೋಶ ಮತ್ತೆ ಸರಿಯಾಗದಷ್ಟು ಹಾಳಾಗಿತ್ತು. ಒಂದು ಹಿಡಿ ಎಲೆ, ಜೀರಿಗೆ ಜೊತೆ ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ ತಂಬ್ಳಿ ಮಾಡಿ, ಅದೂ ಅಪರೂಪಕ್ಕೆ ಸಾಕು.