ಹಾಸ್ಟೆಲ್ಲಿಗೆ ಸೇರಿಸುವ ಮುನ್ನ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನಲ್ಲಿ ಮೆಕ್ಕೆಜೋಳ ಬೆಳೆಯುವ ರೈತ. ಒಂಬತ್ತನೇ ತರಗತಿಯಲ್ಲಿ ಓದುವ ಮಗನಿಗೆ ಹದಿನಾಲ್ಕು ತುಂಬಿದೆ. ಕಬಡ್ಡಿ ತಂಡದಲ್ಲಿದ್ದವನು ಈಗ ಮೈದಾನಕ್ಕೇ ಇಳಿಯುವುದಿಲ್ಲ. ಓರಗೆಯವರಿಗೆ ಮೀಸೆ ಚಿಗುರಿ ದನಿ ಒಡೆದಿದ್ದರೂ ಇವನದು ಇನ್ನೂ ಎಳೆಯ ದನಿ. ಅದಕ್ಕಾಗಿ ಹುಡುಗಿಯ ಹೆಸರಿಟ್ಟು ಕರೆಯುತ್ತಾರಂತೆ. ಹಾಗೆ ಕರೆದ ಒಬ್ಬನಿಗೆ ಹೊಡೆದನೆಂದು ಶಾಲೆಯಲ್ಲಿ ಇವನನ್ನೇ ತರಗತಿಯ ಹೊರಗೆ ನಿಲ್ಲಿಸಿದರು. ಕೇಳಿದರೆ ಬಾಯಿ ಬಿಡುವುದಿಲ್ಲ, ಬೆಳಿಗ್ಗೆ ಏಳುವುದೂ ಇಲ್ಲ. ಗಂಡುಮಗ, ಗಟ್ಟಿಯಾಗಲಿ ಎಂದು ದಾವಣಗೆರೆಯ ಹಾಸ್ಟೆಲ್ಲಿಗೆ ಸೇರಿಸಬೇಕೆಂದಿದ್ದೇನೆ. ಅವನ ತಾಯಿ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಈ ವಿಷಯದಲ್ಲಿ ನಿಮ್ಮ ಮನೆಯವರ ಮಾತೇ ಸರಿ. ದೇಹದ ಕಾರಣಕ್ಕೆ ಹಗಲಿಡೀ ಗೇಲಿಗೆ ಒಳಗಾಗುವ ಹುಡುಗ ಸಂಜೆಯಾದರೂ ಮನೆ ಸೇರಿ ಉಸಿರು ಬಿಡುತ್ತಾನೆ. ಹಾಸ್ಟೆಲ್ಲಿನಲ್ಲಿ ಸ್ನಾನ, ನಿದ್ದೆ ಎಲ್ಲವೂ ಓರಗೆಯವರ ಕಣ್ಣೆದುರೇ ಆಗಬೇಕಾದಾಗ ಆ ಬಿಡುವೂ ಅವನಿಗೆ ಉಳಿಯುವುದಿಲ್ಲ.

ಗಂಡುಮಕ್ಕಳ ದೇಹದ ಬದಲಾವಣೆ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಯಾವಾಗಲಾದರೂ ಶುರುವಾಗುತ್ತದೆ. ದನಿ ಒಡೆಯುವುದು, ಮೀಸೆ ಮೂಡುವುದು ಅದರ ಮೊದಲ ಲಕ್ಷಣಗಳಲ್ಲ. ವೃಷಣಗಳು ದೊಡ್ಡದಾಗುವುದು ಮೊದಲು, ಉಳಿದವು ಅನಂತರ. ಆದ್ದರಿಂದ ಹೊರಗೆ ಏನೂ ಕಾಣದ ಹುಡುಗನಲ್ಲೂ ಬೆಳವಣಿಗೆ ಆಗಲೇ ಆರಂಭವಾಗಿರಬಹುದು. ತಡವಾಗಿ ಬೆಳೆಯುವುದು ಎಷ್ಟೋ ಸಲ ವಂಶದಲ್ಲೇ ಇರುತ್ತದೆ. ನೀವೂ ಹಾಗೆ ತಡವಾಗಿ ಬೆಳೆದವರಾಗಿದ್ದರೆ ಅದನ್ನು ಮಗನಿಗೆ ಹೇಳಿ. ತಂದೆಯ ಬಾಯಿಂದ ಬಂದ ಆ ಒಂದು ಮಾತು ಬೇರೆ ಯಾರ ಸಮಾಧಾನಕ್ಕಿಂತಲೂ ಹೆಚ್ಚು ನಾಟುತ್ತದೆ. ಆದರೂ ಹದಿನಾಲ್ಕು ತುಂಬಿರುವುದರಿಂದ ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ವೈದ್ಯರ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಅವನೊಬ್ಬನನ್ನೇ ಬಿಟ್ಟು ನೀವು ಹೊರಗಿರಿ.

ಶಾಲೆಯವರು ಹೊಡೆತವನ್ನು ಕಂಡರು, ಅದಕ್ಕೆ ಮುಂಚಿನ ತಿಂಗಳುಗಟ್ಟಲೆಯ ಗೇಲಿಯನ್ನು ಕಾಣಲಿಲ್ಲ. ಹೊಡೆದದ್ದು ತಪ್ಪೇ, ಅದನ್ನು ಅವನಿಗೂ ಹೇಳಬೇಕು. ಆದರೆ ದುಃಖ, ಭಯ, ನಾಚಿಕೆಗಳನ್ನು ತೋರಿಸಿಕೊಳ್ಳಬಾರದೆಂದು ಕಲಿಸಿಕೊಂಡು ಬಂದ ಹುಡುಗರಲ್ಲಿ ಅವೆಲ್ಲ ಕೋಪದ ಅಥವಾ ಮೌನದ ರೂಪದಲ್ಲಿಯೇ ಹೊರಬೀಳುತ್ತವೆ ಎಂಬುದನ್ನು ನಾವು ಹಿರಿಯರು ಅರಿತಿರಬೇಕು. ಶಾಲೆ ಬಿಟ್ಟ ಮೇಲೆ ತರಗತಿಯ ಶಿಕ್ಷಕರನ್ನು ಒಬ್ಬರೇ ಭೇಟಿಯಾಗಿ, ಜಗಳದ ದನಿಯಿಲ್ಲದೆ ನಡೆದದ್ದನ್ನು ತಿಳಿಸಿ. ಗೇಲಿ ಮಾಡಿದವರ ಹೆಸರನ್ನು ಪ್ರಾರ್ಥನೆಯ ಸಾಲಿನಲ್ಲಿ ಕೂಗಿ ಶಿಕ್ಷಿಸುವುದು ಬೇಡವೆಂದು ಸ್ಪಷ್ಟವಾಗಿ ಕೇಳಿಕೊಳ್ಳಿ, ಏಕೆಂದರೆ ಅದರ ಸೇಡು ತೀರುವುದು ಮತ್ತೆ ನಿಮ್ಮ ಮಗನ ಮೇಲೆಯೇ. ಹೆಣ್ಣುಮಕ್ಕಳೊಂದಿಗೆ ದೇಹದ ಬದಲಾವಣೆಯ ಬಗ್ಗೆ ಮಾತಾಡುವ ಅವಧಿಯಲ್ಲಿ ಹುಡುಗರನ್ನು ಆಟಕ್ಕೆ ಬಿಡುವುದು ಎಷ್ಟೋ ಶಾಲೆಗಳ ರೂಢಿ. ಅವರಿಗೂ ಅಂಥದ್ದೊಂದು ಅವಧಿ ಬೇಕೆಂದು ಶಾಲಾಭಿವೃದ್ಧಿ ಸಮಿತಿಯಲ್ಲಿ ಯಾರಾದರೂ ಕೇಳಬೇಕಲ್ಲ, ನೀವೇ ಕೇಳಿ. ಕಬಡ್ಡಿ ಆಡಿಸಿದ ದೈಹಿಕ ಶಿಕ್ಷಕರು ಅವನಿಗೆ ಬೇಕಾದವರಾಗಿದ್ದರೆ, ತಂಡಕ್ಕೆ ಮರಳಿ ಕರೆಯುವ ಕೆಲಸವನ್ನು ಅವರಿಗೇ ವಹಿಸಿ.

ಬೆಳಿಗ್ಗೆ ಏಳದಿರುವುದು ಸೋಮಾರಿತನವೇ ಆಗಬೇಕಿಲ್ಲ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ರಾತ್ರಿ ಮುಂದಕ್ಕೆ ಸರಿಯುತ್ತದೆ, ಆದರೆ ದೇಹಕ್ಕೆ 8ರಿಂದ 10 ಗಂಟೆಯ ನಿದ್ದೆ ಬೇಕೇ ಬೇಕು. ಮಲಗುವಾಗ ಮೊಬೈಲ್ ಅವನ ಕೈಯಲ್ಲಿರದಂತೆ ನೋಡಿಕೊಳ್ಳಿ. ನಿಮ್ಮದನ್ನೂ ಬದಿಗಿಟ್ಟರೆ ಅವನು ತಕರಾರು ಮಾಡಲಾರ.

ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಹೊಲದಲ್ಲಿ ಜೊತೆಗೆ ಕೆಲಸ ಮಾಡುವಾಗ ಹುಡುಗರು ತಾವಾಗಿ ಮಾತಿಗೆ ಬರುವುದುಂಟು. ಊಟ ಬಿಟ್ಟರೆ, ಯಾರೊಡನೆಯೂ ಸೇರದೆ ವಾರಗಟ್ಟಲೆ ಮಂಕಾಗಿದ್ದರೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತಾಡಿದರಂತೂ ಅವನನ್ನು ಒಂಟಿಯಾಗಿ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಟ್ಟು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹತ್ತನೇ ತರಗತಿ ಮುಗಿದ ಮೇಲೆ ಪಿಯುಸಿಗೆಂದು ಅವನೇ ದಾವಣಗೆರೆಯ ಹಾಸ್ಟೆಲ್ ಕೇಳಿದರೆ ಆಗ ಸಂತೋಷದಿಂದ ಸೇರಿಸಿ.